ಕಾಶಿಗೆ ಹೋಗಿ ಏನು ಬಿಟ್ಟು ಬಂದಿರಿ?

ಕಾಶಿಯಿಂದ ಬಂದವರನ್ನು ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ದರ್ಶನ ಹೇಗಾಯಿತು ಎಂಬುದಲ್ಲ, ‘ಏನು ಬಿಟ್ಟು ಬಂದಿರಿ?’ ಎಂಬುದು. ಯಾತ್ರೆಗೆ ಹೋದವರು ಒಂದು ಹಣ್ಣು, ಒಂದು ತರಕಾರಿ ತಿನ್ನುವುದನ್ನು ಬಿಟ್ಟು ಬರುವ ರೂಢಿಯಿದೆ. ಬಹಳ ಮಂದಿಯ ಉತ್ತರ: ಹಾಗಲಕಾಯಿ. ಮೊದಲೇ ಬಾಯಿಗೆ ಸೇರದ ಕಹಿಯನ್ನು ಬಿಡಲು ಸಾವಿರಾರು ಮೈಲಿ ಹೋಗಿ ಬರಬೇಕಿರಲಿಲ್ಲ. ಪ್ರಯಾಗ, ಕಾಶಿ, ಗಯೆ ಮೂರೂ ಸೇರಿದ ತ್ರಿಸ್ಥಳೀ ಯಾತ್ರೆಯನ್ನು ಹಿರಿಯರು ಹೆಣೆದಿರುವುದೇ ಬಿಡುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸಲು. ಪ್ರಯಾಗದಲ್ಲಿ ಮುಂಡನ, ಕಾಶಿಯಲ್ಲಿ ದಂಡನ, ಗಯೆಯಲ್ಲಿ ಪಿಂಡ ಎಂದು ಮೂರೇ ಮಾತಿನಲ್ಲಿ ಅದನ್ನು ಹೇಳಿಬಿಟ್ಟಿದ್ದಾರೆ. ಎಂಟು ದಿನವಿದ್ದರೆ ಯಾವುದನ್ನೂ ಓಡಿಸದೆ ಮಾಡಬಹುದು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಚೆನ್ನ, ಆದರೆ ಪ್ರಯಾಗದ ಮಾಘ ಮೇಳದ ದೊಡ್ಡ ಸ್ನಾನದ ದಿನಗಳನ್ನು ತಪ್ಪಿಸಿ. ಆ ದಿನಗಳಲ್ಲಿ ವಾಹನಗಳನ್ನು ಊರಾಚೆಯೇ ನಿಲ್ಲಿಸುತ್ತಾರೆ, ವಯಸ್ಸಾದವರು ಕಿಲೋಮೀಟರುಗಟ್ಟಲೆ ನಡೆಯಬೇಕಾಗುತ್ತದೆ.

ಹೊರಡುವ ಮುನ್ನ ಮನೆಯಲ್ಲೇ ಆಗಬೇಕಾದ ಕೆಲಸ ಎರಡು. ಮೊದಲನೆಯದು ಪಟ್ಟಿ. ತಂದೆಯ ಕಡೆ ಮೂರು ತಲೆ, ತಾಯಿಯ ತವರಿನ ಕಡೆ ಮೂರು ತಲೆ, ಗಂಡಸರು ಹೆಂಗಸರು ಇಬ್ಬರದ್ದೂ ಹೆಸರು, ಗೋತ್ರ. ಆಮೇಲೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ಒಡಹುಟ್ಟಿದವರು, ಬೀಗರು, ಗುರುಗಳು, ಗೆಳೆಯರು. ಸಾಮಾನ್ಯವಾಗಿ ಎಡವುವುದು ಅಜ್ಜಿಯರ ಹೆಸರಲ್ಲಿ. ಎಲ್ಲರೂ ‘ಅಜ್ಜಿ’ ಎಂದೇ ಕರೆದು ನಿಜವಾದ ಹೆಸರು ಯಾರಿಗೂ ನೆನಪಿರುವುದಿಲ್ಲ. ಹಳೆಯ ಲಗ್ನಪತ್ರಿಕೆ, ಜಮೀನಿನ ಪತ್ರ ತೆಗೆದು ನೋಡಿ, ಊರಿನ ಹಿರಿಯರಿಗೆ ಫೋನ್ ಮಾಡಿ. ಗೋತ್ರ ಗೊತ್ತಾಗದಿದ್ದರೆ ಕಾಶ್ಯಪ ಗೋತ್ರ ಎಂದು ಹೇಳಲು ಶಾಸ್ತ್ರದ ಒಪ್ಪಿಗೆಯಿದೆ. ಎರಡನೆಯದು, ಬಿಡಬೇಕಾದ್ದನ್ನು ಇಲ್ಲಿಯೇ ನಿರ್ಧರಿಸುವುದು. ಅದರ ಮಾತು ಗಯೆಗೆ ಬಂದಾಗ. ತಂದೆ ಬದುಕಿರುವವರಿಗೆ ಪಿತೃಪಿಂಡದ ಅಧಿಕಾರವಿಲ್ಲ. ತಾಯಿಯನ್ನು ಮಾತ್ರ ಕಳೆದುಕೊಂಡವರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಮನೆಯ ಪುರೋಹಿತರ ಹತ್ತಿರ ಊರಿನಲ್ಲೇ ಕೇಳಿಕೊಂಡು ಹೊರಡಬೇಕು.

ಮೊದಲ ದಿನ: ಪ್ರಯಾಗ

ಬೆಂಗಳೂರಿನಿಂದ ರೈಲಿನಲ್ಲಿ ಬಂದರೆ ಎರಡು ರಾತ್ರಿ ಕಳೆದಿರುತ್ತವೆ. ದಾರಾಗಂಜ್ ಕಡೆ ಉಳಿದರೆ ಸಂಗಮ ಹತ್ತಿರ. ಈ ದಿನ ಏನೂ ಮಾಡಬೇಡಿ. ಒಪ್ಪೊತ್ತು ಊಟ, ಬೇಗ ನಿದ್ದೆ. ‘ಇವತ್ತೇ ಸಂಗಮ ಮುಗಿಸಿಬಿಡೋಣ’ ಎಂದು ಹೊರಟವರ ಕೆಲಸ ಕೆಡುವುದು ಹೀಗೆ: ಕ್ಷೌರ ಬೆಳಗಿನ ಹೊತ್ತಿನಲ್ಲೇ ಆಗಬೇಕು, ಮಧ್ಯಾಹ್ನ ಮೀರಿದ ಮೇಲೆ ಅದನ್ನು ಬಿಟ್ಟು ಬರಿಯ ಸ್ನಾನ ಮಾಡಿ ವಾಪಸಾಗುತ್ತಾರೆ. ಪ್ರಯಾಗದ ಮುಖ್ಯ ಕರ್ಮವೇ ತಪ್ಪಿದಂತಾಯಿತು.

ಎರಡನೆಯ ದಿನ: ತ್ರಿವೇಣಿ

ಬೆಳಗ್ಗೆ ದಡದಲ್ಲಿ ಸಂಕಲ್ಪ, ಗಂಡಸರಿಗೆ ಕ್ಷೌರ. ಕೂದಲು ಹೋದ ತಲೆಯನ್ನು ಕೈಯಲ್ಲಿ ಮುಟ್ಟಿ ನೋಡಿಕೊಳ್ಳದವರಿಲ್ಲ. ಮುಖದ ಗುರುತೇ ಕೊಂಚ ಬದಲಾಗಿರುತ್ತದೆ, ಮುಂದಿನ ಆರು ದಿನ ಕನ್ನಡಿ ಅದನ್ನು ನೆನಪಿಸುತ್ತಲೇ ಇರುತ್ತದೆ.

ಮುತ್ತೈದೆಯರಿಗೆ ಇಲ್ಲಿ ವೇಣಿದಾನ. ದಂಪತಿ ಒಟ್ಟಿಗೆ ಕುಳಿತು ಸಂಕಲ್ಪ ಮಾಡಿ, ಹೆಂಡತಿ ಗಂಡನ ಅನುಮತಿ ಕೇಳುತ್ತಾಳೆ. ಗಂಡನೇ ಅವಳ ತಲೆ ಬಾಚಿ, ಜಡೆ ಹೆಣೆದು, ಹೂ ಮುಡಿಸಿ, ಕುಂಕುಮ ಇಡಬೇಕು. ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದ ಗಂಡಸು ಮೊದಲ ಸಲ ಬಾಚಣಿಗೆ ಹಿಡಿದು ತಡವರಿಸುವುದನ್ನು ಇಲ್ಲಿ ದಿನವೂ ನೋಡಬಹುದು. ಮೂರೆಳೆ ಹೆಣೆಯುವುದನ್ನು ಮನೆಯಲ್ಲೇ ಕಲಿತು ಬಂದರೆ ಒಳ್ಳೆಯದು. ಜಡೆಯ ತುದಿಯ ಎರಡು ಮೂರು ಅಂಗುಲ ಕತ್ತರಿಸಿ, ಅರಿಸಿನ ಕುಂಕುಮದೊಂದಿಗೆ ಸಂಗಮದಲ್ಲಿ ಬಿಡುತ್ತಾರೆ. ವೇಣಿ ಮುಳುಗಬೇಕು ಎಂಬುದು ನಂಬಿಕೆ. ತೇಲಿದರೆ ಹೆಂಗಸರ ಮನಸ್ಸು ಕುಗ್ಗುತ್ತದೆ, ಆದರೆ ಅಂಜಬೇಕಾದ್ದಿಲ್ಲ. ಕೂದಲು ನೀರಿಗಿಂತ ಭಾರವಾದದ್ದು. ಎಣ್ಣೆ ಹಚ್ಚಿದ್ದರೆ, ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ, ಹೂವನ್ನು ಅದಕ್ಕೇ ಬಿಗಿದಿದ್ದರೆ ತೇಲುತ್ತದೆ. ಹಿಂದಿನ ದಿನ ಎಣ್ಣೆ ಹಚ್ಚಬೇಡಿ, ತುದಿಯನ್ನು ನೀರಿನಲ್ಲಿ ನೆನೆಸಿ ಬಿಡಿ, ಹೂವನ್ನು ಬೇರೆಯಾಗಿ ಬಿಡಿ.

ಸಂಗಮದ ನಡುವಿಗೆ ದೋಣಿಯಲ್ಲೇ ಹೋಗಬೇಕು. ಹತ್ತುವ ಮುಂಚೆ ಮೂರು ಮಾತು ಸ್ಪಷ್ಟವಾಗಲಿ: ದರ ತಲೆಗೋ ಇಡೀ ದೋಣಿಗೋ, ಅಲ್ಲಿ ಕಾಯುವ ಹೊತ್ತೂ ಸೇರಿದೆಯೋ, ಸ್ನಾನಕ್ಕೆ ಕಟ್ಟಿದ ಹಲಗೆಗೆ ಬೇರೆ ಕೊಡಬೇಕೋ. ಯಮುನೆ ಹಸಿರು, ಆಳ. ಗಂಗೆ ಮಾಸಲು, ತೆಳು. ಎರಡರ ಗೆರೆ ಕಣ್ಣಿಗೇ ಕಾಣುತ್ತದೆ. ಚಳಿಗಾಲವಾದರೆ ದೂರದಿಂದ ಬಂದ ಬಿಳಿ ಹಕ್ಕಿಗಳು ಖಾರಾಸೇವೆಗಾಗಿ ದೋಣಿ ಸುತ್ತ ಕಿರುಚುತ್ತಿರುತ್ತವೆ. ಮೊದಲೇ ರಾಮೇಶ್ವರಕ್ಕೆ ಹೋಗಿ ಸೇತುವಿನ ಮರಳು ತಂದವರು ಅದನ್ನು ಪೂಜಿಸಿ ಇಲ್ಲಿ ವಿಸರ್ಜಿಸುತ್ತಾರೆ. ಇಲ್ಲಿಯ ನೀರು ಮುಂದೆ ರಾಮೇಶ್ವರನ ಅಭಿಷೇಕಕ್ಕೆ ಹೋಗುತ್ತದೆ. ಮನೆಗೆ ಒಯ್ಯುವ ಗಂಗೆಯನ್ನೂ ತುಂಬಿಕೊಳ್ಳಬೇಕಾದ್ದು ಇಲ್ಲಿಯೇ. ಕಾಶಿಯ ನೀರನ್ನು ಹೊರಗೆ ಒಯ್ದರೆ ಅದರಲ್ಲಿರುವ ಜೀವಿಗಳ ಮುಕ್ತಿ ತಪ್ಪಿಸಿದಂತೆ ಎಂಬ ನಂಬಿಕೆಯಿಂದ ಹಲವರು ಅಲ್ಲಿ ತುಂಬುವುದಿಲ್ಲ.

ದಾನ ಕೊಡುವಾಗಲೆಲ್ಲ ಪುರೋಹಿತರು ‘ನ ಮಮ’ ಎಂದು ಹೇಳಿಸುತ್ತಾರೆ. ನನ್ನದಲ್ಲ. ಎಂಟು ದಿನದಲ್ಲಿ ಈ ಎರಡು ಪದ ನೂರಾರು ಸಲ ಬಾಯಿಯಲ್ಲಿ ಬರುತ್ತವೆ, ಯಾತ್ರೆಯ ಮಂತ್ರವೇ ಅದು. ಕೊಟ್ಟ ಮೇಲೆ ಅದನ್ನು ಯಾರು ತೆಗೆದುಕೊಂಡರು, ಏನು ಮಾಡಿದರು ಎಂದು ಹಿಂತಿರುಗಿ ನೋಡುತ್ತ ಕೂತರೆ ಹೇಳಿದ ಮಾತು ಹುಸಿಯಾಯಿತು. ಇದೇ ಪ್ರಯಾಗದ ಮರಳಿನ ಮೇಲೆ 7ನೆಯ ಶತಮಾನದಲ್ಲಿ ಹರ್ಷವರ್ಧನ ಐದು ವರ್ಷಕ್ಕೊಮ್ಮೆ ತನ್ನ ಬೊಕ್ಕಸವನ್ನೆಲ್ಲ ದಾನ ಮಾಡುತ್ತಿದ್ದ. ಕೊನೆಗೆ ಮೈಮೇಲಿನ ಒಡವೆ, ಬಟ್ಟೆಯನ್ನೂ ಕೊಟ್ಟು, ತಂಗಿ ರಾಜ್ಯಶ್ರೀಯಿಂದ ಹಳೆಯ ಬಟ್ಟೆ ಪಡೆದು ಉಟ್ಟನೆಂದು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ದಕ್ಷಿಣಕ್ಕೆ ಬರಗೊಡದೆ ತಡೆದ ಹರ್ಷ ಇವನೇ. ಸಂಗಮದ ದಡದ ಕೋಟೆಯೊಳಗಿನ ಅಕ್ಷಯವಟವೆಂಬ ಆಲದ ಮರ ಬಹುಕಾಲ ಸಾಮಾನ್ಯರಿಗೆ ಮುಚ್ಚಿತ್ತು, 2019ರಿಂದ ದರ್ಶನಕ್ಕೆ ತೆರೆದಿದೆ. ಬಿಡದೆ ನೋಡಿ.

ಮೂರನೆಯ ದಿನ: ಕಾಶಿ ಪ್ರವೇಶ

ಪ್ರಯಾಗದಿಂದ ಕಾಶಿಗೆ ಸುಮಾರು 120 ಕಿ.ಮೀ., ಕಾರಿನಲ್ಲಿ ಮೂರು ಗಂಟೆಯ ದಾರಿ. ಕನ್ನಡದವರಿಗೆ ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಸುತ್ತಮುತ್ತ ಅನುಕೂಲ. ಮೈಸೂರು ಅರಸರ ಕಾಲದ ಕರ್ನಾಟಕ ಘಾಟ್ ಇರುವುದೂ ಅಲ್ಲಿಯೇ, ಹರಿಶ್ಚಂದ್ರ ಘಾಟ್‌ನ ಪಕ್ಕದಲ್ಲಿ. ಗಲ್ಲಿಗಳಿಗೆ ಕಾರು ಬರುವುದಿಲ್ಲ. ಗಾಲಿಯ ಸೂಟ್‌ಕೇಸಿಗಿಂತ ಹೆಗಲ ಚೀಲ ಒಳ್ಳೆಯದು.

ಸಂಜೆ ಮೊದಲು ಕಾಲಭೈರವ. ಅವನು ಕಾಶಿಯ ಕೊತ್ವಾಲ, ಅಂದರೆ ಊರ ಕಾವಲಿನ ಅಧಿಕಾರಿ, ಊರು ಸೇರಿದ ವರದಿ ಅವನಿಗೆ ಒಪ್ಪಿಸಬೇಕು. ಅಲ್ಲಿ ಬೆನ್ನಿನ ಮೇಲೆ ಕೋಲಿನಿಂದ ಮೆಲ್ಲಗೆ ತಟ್ಟಿ, ಕೈಗೆ ಕಪ್ಪು ಕಾಶೀದಾರ ಕಟ್ಟುತ್ತಾರೆ. ದಂಡನವೆಂದರೆ ಇದೇ ಎಂದು ಕೆಲವರು, ದೇಹವನ್ನು ಉಪವಾಸ ನಡಿಗೆಗಳಿಂದ ದಂಡಿಸುವುದು ಎಂದು ಕೆಲವರು. ಎರಡೂ ಒಂದೇ ಕಡೆ ಹೋಗುತ್ತವೆ. ಕಾಶಿಯಲ್ಲಿ ಸತ್ತವರ ಬಳಿ ಯಮ ಸುಳಿಯುವುದಿಲ್ಲ, ಆದರೆ ಮಾಡಿದ್ದನ್ನೆಲ್ಲ ಕ್ಷಣಮಾತ್ರದಲ್ಲಿ ಉಣ್ಣಿಸುವ ಭೈರವೀಯಾತನೆ ಮಾತ್ರ ತಪ್ಪದು ಎನ್ನುತ್ತದೆ ಪರಂಪರೆ.

ನಾಲ್ಕನೆಯ ದಿನ: ವಿಶ್ವನಾಥ, ಪಂಚತೀರ್ಥ

ಬೆಳಗಿನ ಜಾವ ಎದ್ದು ಗಂಗಾಸ್ನಾನ, ಢುಂಢಿ ಗಣಪತಿ, ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿ. ಈಗಿರುವ ವಿಶ್ವನಾಥ ಗುಡಿ ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ್ದು. 2021ರ ಡಿಸೆಂಬರಿನಲ್ಲಿ ಗಂಗೆಯವರೆಗೆ ಕಾರಿಡಾರ್ ತೆರೆದ ಮೇಲೆ ಗುಡಿಯ ಸುತ್ತ ಜಾಗ ವಿಶಾಲವಾಗಿದೆ. ಮೊಬೈಲ್ ಒಳಗೆ ಬಿಡುವುದಿಲ್ಲ. ಅದನ್ನು ವಸತಿಯಲ್ಲೇ ಇಟ್ಟು ಹೋದರೆ ಲಾಕರಿನ ಸಾಲು ತಪ್ಪುತ್ತದೆ, ಆದರೆ ಗುಂಪಿನವರು ಮತ್ತೆ ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ.

ಆಮೇಲೆ ದೋಣಿಯಲ್ಲಿ ಪಂಚತೀರ್ಥ. ಅಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ. ಕ್ರಮ ಇದೇ. ಅಸಿಯಿಂದ ವರುಣಾ ಸೇರುವ ಆದಿಕೇಶವದವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ ಮಣಿಕರ್ಣಿಕೆಯಲ್ಲಿ ಮುಗಿಸಬೇಕು. ಪಿಂಡ ಸಹಿತ ಮಾಡಿದರೆ ಅರ್ಧ ದಿನ ಬೇಕು. ಆದಿಕೇಶವ ದೂರವೆಂದು ಕೆಲವು ದೋಣಿಯವರು ನಡುವೆಯೇ ತಿರುಗಿಸುತ್ತಾರೆ, ಹತ್ತುವಾಗಲೇ ಐದೂ ಹೆಸರು ಹೇಳಿ ಒಪ್ಪಿಸಿ. ಮಳೆಗಾಲದಲ್ಲಿ ನದಿ ಏರಿದರೆ ದೋಣಿ ನಿಲ್ಲಿಸುತ್ತಾರೆ. ಪಂಚಗಂಗೆಯಲ್ಲಿ ಬಿಂದುಮಾಧವನನ್ನು ಕಾಣಲು ಮೆಟ್ಟಿಲು ಕಡಿದು, ಮಂಡಿನೋವಿನವರು ದೋಣಿಯಿಂದಲೇ ಕೈಮುಗಿಯಲಿ.

ಐದನೆಯ ದಿನ: ಮಣಿಕರ್ಣಿಕೆ

ಈ ಒಂದು ದಿನವನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಮಣಿಕರ್ಣಿಕೆಯ ಸ್ನಾನ ನಡುಮಧ್ಯಾಹ್ನದ್ದು, ಆ ಹೊತ್ತಿಗೆ ಸಕಲ ತೀರ್ಥಗಳೂ ಇಲ್ಲಿಗೆ ಬರುತ್ತವೆಂದು ನಂಬಿಕೆ. ಚಕ್ರಪುಷ್ಕರಿಣಿ ಕುಂಡದ ಪಕ್ಕದಲ್ಲೇ ಚಿತೆಗಳ ಸಾಲು. ಸೌದೆಯನ್ನು ದೊಡ್ಡ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಒಂದು ದೇಹಕ್ಕೆ ಮೂರು ನಾಲ್ಕು ಕ್ವಿಂಟಲ್ ಬೇಕು, ಮೂರು ಗಂಟೆಗೂ ಮಿಕ್ಕಿ ಉರಿಯುತ್ತದೆ. ಬೆಂಕಿ ಕೊಡುವವರು ಡೋಮರು. ಅವರ ಅಗ್ನಿ ಆರಿದ್ದೇ ಇಲ್ಲವೆನ್ನುತ್ತಾರೆ. ಗಂಡಸರ ಎದೆಯ ಎಲುಬು, ಹೆಂಗಸರ ಸೊಂಟದ ಎಲುಬು ಸುಡದೆ ಉಳಿಯುವುದುಂಟು, ಅದನ್ನು ಬಿದಿರಿನಲ್ಲಿ ಎತ್ತಿ ಗಂಗೆಗೆ ಬಿಡುತ್ತಾರೆ. ಕೊನೆಗೆ ಕರ್ತೃ ಮಡಕೆಯ ನೀರನ್ನು ಹೆಗಲ ಹಿಂದಕ್ಕೆ ಎಸೆದು, ತಿರುಗಿ ನೋಡದೆ ಮೆಟ್ಟಿಲು ಹತ್ತುತ್ತಾನೆ. ಬಿಡುವುದರ ಪಾಠವೆಲ್ಲ ಆ ತಿರುಗಿ ನೋಡದ ಹೆಜ್ಜೆಯಲ್ಲಿದೆ. ದೂರದಲ್ಲಿ ಕುಳಿತು ಸುಮ್ಮನೆ ನೋಡಿ. ಫೋಟೋ ಬೇಡವೇ ಬೇಡ, ಅಲ್ಲಿರುವುದು ಇನ್ನೊಬ್ಬರ ಮನೆಯ ಸಾವು. ಬಡವರ ಸೌದೆಗೆಂದು ಹಣ ಕೇಳುತ್ತ ಬೆನ್ನು ಹತ್ತುವವರಿರುತ್ತಾರೆ. ಕೊಡುವ ಮನಸ್ಸಿದ್ದರೆ ಸೌದೆಯ ಅಂಗಡಿಯಲ್ಲೇ, ಆ ಹೊತ್ತು ಬಂದ ಬಡ ಕುಟುಂಬದ ಲೆಕ್ಕಕ್ಕೆ ಕೊಡಿ.

‘ಕಾಶ್ಯಾಂ ಮರಣಾನ್ಮುಕ್ತಿಃ’ ಎಂಬ ಮಾತಿಗೆ ಒಂದು ಗಂಟು ಇದೆ. ಜ್ಞಾನದಿಂದಲೇ ಮುಕ್ತಿ ಎನ್ನುವ ವೇದಾಂತಕ್ಕೂ, ಇಲ್ಲಿ ಸತ್ತರೆ ಸಾಕು ಎನ್ನುವ ಪುರಾಣಕ್ಕೂ ಹೊಂದುವುದು ಹೇಗೆ? ಸಾಯುವವನ ಬಲಗಿವಿಯಲ್ಲಿ ಶಿವನೇ ತಾರಕಮಂತ್ರ ಉಪದೇಶಿಸುತ್ತಾನೆ, ಆ ಉಪದೇಶದಿಂದ ಜ್ಞಾನ, ಜ್ಞಾನದಿಂದ ಮುಕ್ತಿ ಎಂದು ಸಂಪ್ರದಾಯ ಗಂಟು ಬಿಡಿಸಿದೆ. ಮಣ್ಣು ಮುಕ್ತಿ ಕೊಡುವುದಿಲ್ಲ, ಕೊನೆಯ ಗಳಿಗೆಯಲ್ಲಿ ಕಿವಿಗೆ ಬಿದ್ದ ಮಾತು ಕೊಡುತ್ತದೆ. ಗೋದೌಲಿಯಾ ಚೌಕದ ಬಳಿಯ ಮುಕ್ತಿಭವನಕ್ಕೆ 1958ರಿಂದ ಜನ ಆ ಗಳಿಗೆ ಕಾಯಲೆಂದೇ ಬರುತ್ತಿದ್ದಾರೆ. ಸಾಮಾನ್ಯವಾಗಿ ಎರಡು ವಾರದ ವಾಸ, ಮನೆಯವರು ಜೊತೆಗಿರಬೇಕು. ಔಷಧೋಪಚಾರದ ಜಾಗವಲ್ಲ ಅದು. ತುಳಸಿ, ಗಂಗಾಜಲ, ಭಜನೆ. ಅದು ಪ್ರೇಕ್ಷಣೀಯ ಸ್ಥಳವೂ ಅಲ್ಲ. ಬಾಗಿಲಲ್ಲಿ ಕೈಮುಗಿದು ಮುಂದೆ ಹೋಗಿ.

ಸಂಜೆ ಜಂಗಮವಾಡಿ ಮಠ. ವೀರಶೈವ ಪಂಚಪೀಠಗಳಲ್ಲಿ ಕಾಶಿಯದು ಜ್ಞಾನಪೀಠ. ಒಳಗೆ ಕಾಲಿಟ್ಟರೆ ಕನ್ನಡ ಕಿವಿಗೆ ಬೀಳುತ್ತದೆ. ತೀರಿಹೋದವರ ಹೆಸರಿನಲ್ಲಿ ಇಲ್ಲಿ ಪಿಂಡವಿಲ್ಲ, ಒಂದು ಶಿವಲಿಂಗ ಇಟ್ಟು ಹೋಗುತ್ತಾರೆ. ನೂರಾರು ವರ್ಷಗಳಿಂದ ಹಾಗೆ ಇಟ್ಟ ಲಿಂಗಗಳು ಸಾಲುಸಾಲಾಗಿ, ಒಂದರ ಮೇಲೊಂದಾಗಿ ಲಕ್ಷಗಟ್ಟಲೆ ಕೂಡಿವೆ. ಯಾವುದು ಯಾರದೆಂದು ಹೇಳಲಾಗುವುದಿಲ್ಲ.

ನಮ್ಮಲ್ಲಿ ವೈರಾಗ್ಯವನ್ನು ಪುರಾಣವೈರಾಗ್ಯ, ಪ್ರಸವವೈರಾಗ್ಯ, ಸ್ಮಶಾನವೈರಾಗ್ಯ ಎಂದು ಎಣಿಸುತ್ತಾರೆ. ಮೂರೂ ಬೇಗ ಆರುವಂಥವು. ಮಣಿಕರ್ಣಿಕೆಯಿಂದ ಹೊರಟವರು ಅರ್ಧ ಗಂಟೆಯಲ್ಲಿ ಗೋದೌಲಿಯಾದ ಸೀರೆ ಅಂಗಡಿಯಲ್ಲಿರುತ್ತಾರೆ, ಅದು ಮನುಷ್ಯರ ಸ್ವಭಾವ. ಸೀರೆಯ ಖರೀದಿಯನ್ನು ಈ ದಿನಕ್ಕೆ ಇಟ್ಟುಕೊಳ್ಳಬೇಡಿ ಎಂದಷ್ಟೇ ಕೇಳಿಕೊಳ್ಳಬಹುದು.

ಆರನೆಯ ದಿನ: ಗಯೆಯ ದಾರಿ

ರೈಲಿನಲ್ಲಿ ಮೂರು ನಾಲ್ಕು ಗಂಟೆ, ರಸ್ತೆಯಲ್ಲಿ ಸುಮಾರು 250 ಕಿ.ಮೀ. ಶೋಣಾನದಿಯ ಉದ್ದನೆಯ ಸೇತುವೆ ದಾಟುವಾಗ ಕಿಟಕಿ ಬಳಿ ಕುಳಿತಿರಿ. ಬಿಹಾರ ಸರ್ಕಾರ 2025ರಲ್ಲಿ ಊರಿನ ಹೆಸರನ್ನು ಗಯಾಜೀ ಎಂದು ಬದಲಿಸಿದೆ. ರಾತ್ರಿ ಫಲಾಹಾರವಷ್ಟೇ. ಪುರೋಹಿತರೊಂದಿಗೆ ಒಟ್ಟು ಎಷ್ಟು, ಅದರಲ್ಲಿ ಸಾಮಗ್ರಿ, ಬ್ರಾಹ್ಮಣ ಭೋಜನ, ವಾಹನ, ಕರ್ಮ ಫಲಿಸಿತೆಂದು ಕೊನೆಗೆ ಹರಸುವ ‘ಸುಫಲ’ದ ದಕ್ಷಿಣೆ ಸೇರಿವೆಯೇ ಎಂದು ಇವತ್ತೇ ಮಾತಾಡಿ ಮುಗಿಸಿ. ನಾಳೆ ಕಣ್ಣು ತುಂಬಿಕೊಂಡು ನಿಂತ ಹೊತ್ತಿನಲ್ಲಿ ಚೌಕಾಸಿ ಮಾಡುವುದು ಇಬ್ಬರಿಗೂ ಶೋಭೆಯಲ್ಲ. ಗಯೆಯ ತೀರ್ಥಪುರೋಹಿತರಾದ ಗಯಾವಾಳರು ಮಧ್ವಾಚಾರ್ಯರ ಅನುಯಾಯಿಗಳು. ಅವರ ಹಳೆಯ ವಹಿಗಳಲ್ಲಿ ಊರು, ಮನೆತನದ ಪ್ರಕಾರ ಬಂದುಹೋದವರ ಹೆಸರು, ಸಹಿ ಇರುತ್ತವೆ. ನಿಮ್ಮ ಊರಿನ ಹಳೆಯ ಹೆಸರು, ತಾಲೂಕು ಹೇಳಿ ಕೇಳಿ. ಮರೆತುಹೋದ ಅಜ್ಜಿಯ ಹೆಸರು ಅಲ್ಲಿ ಸಿಗಬಹುದು.

ಏಳನೆಯ ದಿನ: ಫಲ್ಗು, ವಿಷ್ಣುಪಾದ, ಅಕ್ಷಯವಟ

ಗಯಾಶ್ರಾದ್ಧಕ್ಕೆ ಎಲ್ಲ ಕಾಲವೂ ಸಲ್ಲುತ್ತದೆ. ಪಿತೃಪಕ್ಷವೇ ಆಗಬೇಕೆಂದಿಲ್ಲ. ಪಿಂಡವಿಡುವ ವೇದಿಗಳು ನಲವತ್ತಕ್ಕೂ ಹೆಚ್ಚಿವೆ, ಒಂದೇ ದಿನದಲ್ಲಿ ಮಾಡುವವರಿಗೆ ಈ ಮೂರು ಮುಖ್ಯ. ಏಳಕ್ಕೆ ಶುರು ಮಾಡಿದರೆ ಮಧ್ಯಾಹ್ನ ಒಂದೆರಡು ಗಂಟೆ ಆಗುತ್ತದೆ, ಅಲ್ಲಿಯವರೆಗೆ ಊಟವಿಲ್ಲ. ಸಕ್ಕರೆ ಕಾಯಿಲೆಯವರು ಪುರೋಹಿತರಿಗೆ ಮೊದಲೇ ಹೇಳಿ ಹಾಲು ಹಣ್ಣು ತೆಗೆದುಕೊಳ್ಳಬೇಕು. ಉಪವಾಸದಲ್ಲಿ ತಲೆಸುತ್ತಿ ಬಿದ್ದು ಶ್ರಾದ್ಧ ಅರ್ಧಕ್ಕೆ ನಿಲ್ಲುವುದು ಅಪರೂಪವಲ್ಲ.

ರಾಮನಿಲ್ಲದ ಹೊತ್ತಿನಲ್ಲಿ ಸೀತೆ ದಶರಥನಿಗೆ ಪಿಂಡವಿಟ್ಟದ್ದಕ್ಕೆ ಸುಳ್ಳು ಸಾಕ್ಷಿ ನುಡಿದು, ಅವಳ ಶಾಪದಿಂದ ಮರಳಿನಡಿ ಹರಿಯುವ ನದಿ ಫಲ್ಗು ಎನ್ನುತ್ತದೆ ಕಥೆ. ಹಿಂದೆ ಮರಳು ತೋಡಿ ನೀರು ತೆಗೆಯುತ್ತಿದ್ದರು. 2022ರಲ್ಲಿ ರಬ್ಬರ್ ಅಣೆಕಟ್ಟು ಬಂದ ಮೇಲೆ ವಿಷ್ಣುಪಾದದ ಬಳಿ ನೀರು ನಿಲ್ಲುತ್ತದೆ. ಇಲ್ಲಿ ಸ್ನಾನ, ತರ್ಪಣ, ಮೊದಲ ಪಿಂಡ. ನಮ್ಮವರು ಅನ್ನದ ಪಿಂಡ ಮಾಡುತ್ತಾರೆ, ಉತ್ತರದವರು ಜವೆಹಿಟ್ಟಿನದು. ಅನ್ನ ಮೆತ್ತಗೆ, ಗಂಜಿ ಬಸಿಯದೆ ಬೆಂದಿರಬೇಕು. ಉದುರಾದ ಅನ್ನದ ಪಿಂಡ ಎಳ್ಳು, ತುಪ್ಪ, ಜೇನು ಸೇರಿದ ಕೂಡಲೇ ಒಡೆಯುತ್ತದೆ.

ವಿಷ್ಣುಪಾದ ದೇಗುಲವನ್ನು 1787ರಲ್ಲಿ ಕಟ್ಟಿಸಿದವಳೂ ಅಹಲ್ಯಾಬಾಯಿಯೇ. ವಿಷ್ಣು ಗಯಾಸುರನನ್ನು ಅದುಮಿದ ಪಾದದ ಗುರುತು ಬೆಳ್ಳಿಯ ಅಂಚಿನ ಎಂಟು ಮೂಲೆಯ ಕಟ್ಟೆಯೊಳಗಿದೆ. ಅನೇಕ ದಕ್ಷಿಣದ ಪದ್ಧತಿಗಳಲ್ಲಿ 64 ಪಿಂಡ. ನೀವು ಬರೆದು ತಂದ ಪಟ್ಟಿ ಈಗ ಬೇಕಾಗುತ್ತದೆ. ಬಂಧುಗಳು ಮುಗಿದ ಮೇಲೆ ಗೆಳೆಯರು, ಆಳುಗಳು, ಸಾಕಿದ ಪ್ರಾಣಿಗಳು, ನೆರಳು ಕೊಟ್ಟ ಮರಗಳು, ಕೊನೆಗೆ ಯಾರೂ ಇಲ್ಲದೆ ಸತ್ತವರಿಗೂ ಒಂದು ಪಿಂಡ.

ತಾಯಿಗೆ ಮಾತ್ರ ಬೇರೆಯಾಗಿ ಹದಿನಾರು. ಮಾತೃಷೋಡಶಿ. ಹೊತ್ತ ತಿಂಗಳುಗಳ ನೋವಿಗೆ, ಹೆರಿಗೆಯ ಸಂಕಟಕ್ಕೆ, ಕುಡಿದ ಕಹಿ ಔಷಧಿಗೆ, ಮಗುವಿನ ಮಲಮೂತ್ರದಲ್ಲಿ ನೆನೆದು ಮಲಗಿದ ಚಳಿಯ ರಾತ್ರಿಗಳಿಗೆ, ಹಸಿದಿದ್ದು ಉಣ್ಣಿಸಿದ್ದಕ್ಕೆ, ಒಂದೊಂದಕ್ಕೂ ಒಂದು ಶ್ಲೋಕ, ಒಂದು ಪಿಂಡ. ಪ್ರತಿಯೊಂದೂ ‘ತಸ್ಯ ನಿಷ್ಕ್ರಮಣಾರ್ಥಾಯ ಮಾತೃಪಿಂಡಂ ದದಾಮ್ಯಹಮ್’ ಎಂದು ಮುಗಿಯುತ್ತದೆ. ಅರ್ಥವನ್ನು ಕನ್ನಡದಲ್ಲಿ ಹೇಳಿ ಮಾಡಿಸುವಂತೆ ಪುರೋಹಿತರನ್ನು ಕೇಳಿಕೊಳ್ಳಿ, ಅವಸರದಲ್ಲಿ ಶ್ಲೋಕಗಳು ಓಡಿಬಿಡುತ್ತವೆ. ಎಂಥ ಗಟ್ಟಿ ಮನಸ್ಸಿನವರಿಗೂ ಐದಾರನೆಯ ಪಿಂಡದ ಹೊತ್ತಿಗೆ ಗಂಟಲು ಕಟ್ಟುತ್ತದೆ. ಋಣ ತೀರಿತೆಂದಲ್ಲ. ತೀರದ ಋಣವನ್ನು ಹೆಸರಿಟ್ಟು ಎಣಿಸಿದ ಮೇಲೆಯೇ ಅವಳನ್ನು ಹೋಗಗೊಡಲು ಸಾಧ್ಯ.

ಮಂಗಳಾಗೌರಿಯ ಬಳಿ ಭಸ್ಮಕೂಟದ ಮೇಲೆ ಜನಾರ್ದನನ ಗುಡಿಯಿದೆ. ಬದುಕಿರುವವನು ತನಗೆ ತಾನೇ ಪಿಂಡ ಇಟ್ಟುಕೊಳ್ಳುವ ಜಾಗ ಅದು. ಎಳ್ಳು ಹಾಕದೆ, ಮೊಸರು ಬೆರೆಸಿದ ಪಿಂಡವನ್ನು ಜನಾರ್ದನನ ಕೈಯಲ್ಲಿಡುತ್ತಾರೆ. ಸಂತತಿ ಇಲ್ಲದವರು, ಸನ್ಯಾಸಕ್ಕೆ ಹೊರಟವರು ಬರುವುದು ಹೆಚ್ಚು. ಮಕ್ಕಳಿರುವವರು ಹುಮ್ಮಸ್ಸಿನಲ್ಲಿ ಮಾಡುವ ಕರ್ಮವಲ್ಲ.

ಕೊನೆಗೆ ಅಕ್ಷಯವಟ. ಪ್ರಯಾಗದ್ದಲ್ಲ, ಗಯೆಯದೇ ಇನ್ನೊಂದು. ಸೀತೆಗೆ ಸುಳ್ಳಾಡದೆ ಸಾಕ್ಷಿ ನುಡಿದದ್ದು ಈ ಆಲ. ಇಲ್ಲಿ ಪಿಂಡವಿಟ್ಟ ಮೇಲೆ ಗಯಾವಾಳರು ‘ಸುಫಲ’ ಹೇಳುತ್ತಾರೆ. ಆಗಲೇ ಒಂದು ಹಣ್ಣು, ಒಂದು ತರಕಾರಿ ಬಿಡುವ ಸಂಕಲ್ಪ, ಕೆಲವರಲ್ಲಿ ಒಂದು ಎಲೆಯೂ ಸೇರುತ್ತದೆ. ಕಾಯಿ ಎಂದರೆ ಕಾಯಾಪೇಕ್ಷೆ, ಹಣ್ಣು ಎಂದರೆ ಫಲಾಪೇಕ್ಷೆ, ಬಿಡಬೇಕಾದ್ದು ಅವುಗಳನ್ನು ಎಂಬ ವಿವರಣೆ ಈಗ ಬಹಳ ಓಡಾಡುತ್ತಿದೆ. ಮಾತು ಚಂದ, ಆದರೆ ಅದನ್ನೇ ನೆಪ ಮಾಡಿಕೊಂಡು ನಾಲಿಗೆಯನ್ನು ಮುಟ್ಟದೆ ಬಿಡುವುದು ಸರಿಯಲ್ಲ. ಮಾವಿನಹಣ್ಣನ್ನು ಬಿಡಲಾಗದವರಿಗೆ ಫಲಾಪೇಕ್ಷೆ ಬಿಡುವುದು ಆದೀತೇ?

ಆಯ್ಕೆ ಹೀಗಿರಲಿ. ನಿಜವಾಗಿ ಇಷ್ಟವಾದದ್ದು, ಮನೆಯಲ್ಲಿ ಆಗಾಗ ಮಾಡುವಂಥದ್ದು. ಬಾಳೆಹಣ್ಣು, ತೆಂಗಿನಕಾಯಿ, ನಿಂಬೆ ಬೇಡ, ಪ್ರಸಾದ ಬಂದಾಗಲೆಲ್ಲ ನಿರಾಕರಿಸಬೇಕಾಗುತ್ತದೆ. ವೈದ್ಯರು ತಿನ್ನಬೇಕೆಂದ ಸೊಪ್ಪು ತರಕಾರಿಯೂ ಬೇಡ. ಮಾವು ಬಿಟ್ಟರೆ ಉಪ್ಪಿನಕಾಯಿ, ಜ್ಯೂಸ್, ಸೀಕರಣೆ ಎಲ್ಲವೂ ಹೋದಂತೆ. ಗಂಡ ಹೆಂಡತಿ ಒಂದೇ ವಸ್ತು ಬಿಟ್ಟರೆ ಅಡುಗೆ ಹಗುರ. ಮರೆತು ಬಾಯಿಗೆ ಹಾಕಿಕೊಂಡರೆ ಅಷ್ಟಕ್ಕೇ ನಿಲ್ಲಿಸಿ, ದೇವರ ಮುಂದೆ ಹೇಳಿಕೊಂಡು ಮುಂದುವರಿಸಿ. ವ್ರತ ಮುರಿಯಿತೆಂದು ಮತ್ತೆ ತಿನ್ನಲು ಶುರು ಮಾಡುವವರೇ ನಿಜವಾಗಿ ಮುರಿಯುವವರು. ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಗಯೆ ಆದ ಮೇಲೆ ಪ್ರತಿವರ್ಷದ ಶ್ರಾದ್ಧ ಬೇಡವೆಂದು. ಬೇಕು. ಬಿಡುವುದು ಅವರ ಮೇಲಿನ ಮೋಹವನ್ನು, ನಮ್ಮ ಕರ್ತವ್ಯವನ್ನಲ್ಲ.

ಎಂಟನೆಯ ದಿನ: ಬುದ್ಧಗಯೆ, ಮನೆಯ ಕಡೆ

ಗಯೆಯಿಂದ 12 ಕಿ.ಮೀ. ದೂರದ ಬುದ್ಧಗಯೆಗೆ ಬೆಳಗ್ಗೆ ಬೇಗ ಹೋದರೆ ಬೋಧಿವೃಕ್ಷದ ಕೆಳಗೆ ನಿಶ್ಶಬ್ದ ಸಿಗುತ್ತದೆ. ಅಲ್ಲಿಂದ ಹೊರಡಬಹುದು. ವಿಮಾನದಲ್ಲಿ ಗಂಗೆ ತುಂಬಿ ಬೆಸುಗೆ ಹಾಕಿದ ತಾಮ್ರದ ಗಿಂಡಿಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆ ಸುತ್ತಿ ಲಗೇಜಿಗೆ ಹಾಕಿ.

ಮನೆಗೆ ಬಂದ ಮೇಲೆ ಒಳ್ಳೆಯ ದಿನ ನೋಡಿ ಗಂಗಾಸಮಾರಾಧನೆ. ಒಂದು ಗಿಂಡಿ ಪೂಜಿಸಿ, ಬೆಸುಗೆ ಒಡೆದು, ಬಂದವರಿಗೆಲ್ಲ ತೀರ್ಥ ಕೊಟ್ಟು ಊಟ ಹಾಕುತ್ತಾರೆ. ಕಾಶೀದಾರ ಹಂಚುತ್ತಾರೆ. ಇನ್ನೊಂದನ್ನು ಒಡೆಯದೆ ದೇವರ ಮನೆಯಲ್ಲಿಡುತ್ತಾರೆ, ಮನೆಯವರ ಕೊನೆಯ ಗುಟುಕಿಗೆಂದು. ಗಿಂಡಿಯ ಬೆಸುಗೆ ಕೆಲವು ವರ್ಷಕ್ಕೆ ಬಿರುಕು ಬಿಡುತ್ತದೆ, ನೀರು ಗೊತ್ತಾಗದಂತೆ ಆರಿಹೋಗುತ್ತದೆ, ಬೇಕಾದ ಹೊತ್ತಿಗೆ ಒಡೆದರೆ ಖಾಲಿ. ವರ್ಷಕ್ಕೊಮ್ಮೆ, ಯುಗಾದಿಗೆ ದೇವರ ಮನೆ ತೊಳೆಯುವಾಗ, ಆ ಗಿಂಡಿಯನ್ನು ಕೈಗೆತ್ತಿಕೊಂಡು ಮೆಲ್ಲಗೆ ಅಲ್ಲಾಡಿಸಿ ನೋಡಿ.